‘ಸಂಬಂಧಪಟ್ಟವರು’ ಯಾರು ಸ್ವಾಮಿ? ಪತ್ರಿಕೆಗೆ ಅಭಿಪ್ರಾಯ ಬರಹ ಬರೆಯುವ ಬಗೆ

[ಪರದೆಯ ಮೇಲೆ: ಆಸ್ತಿ ತೆರಿಗೆ ರಸೀದಿ. ಬೆರಳು ಒಂದು ಸಾಲಿನ ಮೇಲೆ ಬಂದು ನಿಲ್ಲುತ್ತದೆ.]

ಇದು ನಮ್ಮ ಮನೆಯ ಆಸ್ತಿ ತೆರಿಗೆ ರಸೀದಿ. ತೆರಿಗೆ 4,200 ರೂಪಾಯಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸೆಸ್‌ಗಳು, ಅಂದರೆ ಒಂದೊಂದು ಕೆಲಸದ ಹೆಸರಲ್ಲಿ ಪಡೆಯುವ ಹೆಚ್ಚುವರಿ ಕರಗಳು. ಆರೋಗ್ಯ ಕರ, ಭಿಕ್ಷುಕರ ಕರ, ಆಮೇಲೆ ಇಲ್ಲಿ ನೋಡಿ, ಗ್ರಂಥಾಲಯ ಕರ. 252 ರೂಪಾಯಿ. ವರ್ಷ ವರ್ಷ ಕಟ್ಟುತ್ತಲೇ ಇದ್ದೇನೆ. ಆದರೆ ಈ ಸಾಲನ್ನು ಗಮನವಿಟ್ಟು ಓದಿದ್ದು ಮೊನ್ನೆ ಮೊನ್ನೆ.

ನಮಸ್ಕಾರ. ಪತ್ರಿಕೆಗೆ ಒಂದು ಒಳ್ಳೆಯ ಅಭಿಪ್ರಾಯ ಬರಹ ಬರೆಯುವುದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. ಸುಮ್ನೆ ಸೂತ್ರ ಹೇಳುವ ಬದಲು ಈ 252 ರೂಪಾಯಿ ಹಿಡಿದುಕೊಂಡು ಒಂದು ಬರಹವನ್ನು ನಿಮ್ಮ ಮುಂದೆಯೇ ಕಟ್ಟುತ್ತೇನೆ. ಎಲ್ಲಿ ಎಡವುತ್ತೇವೆ ಅನ್ನುವುದೂ ದಾರಿಯಲ್ಲೇ ಸಿಗುತ್ತದೆ.

ಮೊದಲು ನನ್ನ ಹಳೆಯ ಕಥೆ ಸ್ವಲ್ಪ. ಕೆಲವು ವರ್ಷ ನಾನು ಒಂದು ದಿನಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ಓದುಗರು ಕಳಿಸುವ ಲೇಖನಗಳನ್ನು ಓದಿ ಆರಿಸುವುದು ನನ್ನ ಪಾಲಿಗೆ ಬಂದಿತ್ತು. ಬರೆದು ಕಳಿಸುತ್ತಿದ್ದವರಲ್ಲಿ ಹೆಚ್ಚಿನವರ ಕನ್ನಡ ನನ್ನ ಕನ್ನಡಕ್ಕಿಂತ ಚೆನ್ನಾಗಿತ್ತು. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ವಕೀಲರು. ಆದರೂ ಹತ್ತರಲ್ಲಿ ಎಂಟು ಬರಹ ಪಕ್ಕಕ್ಕೆ ಹೋಗುತ್ತಿದ್ದವು. ಕಾರಣ ಹೆಚ್ಚು ಕಡಿಮೆ ಒಂದೇ.

ಲೇಖನ ಶುರುವಾಗುವುದು ಒಂದು ಸರ್ವಜ್ಞನ ವಚನದಿಂದ. ಎರಡನೇ ಪ್ಯಾರಾ ‘ಇಂದಿನ ಆಧುನಿಕ ಯುಗದಲ್ಲಿ’. ಮಧ್ಯದಲ್ಲಿ ‘ಈ ನಿಟ್ಟಿನಲ್ಲಿ’ ಮೂರು ಸಲ. ಕೊನೆಗೆ, ‘ಇನ್ನಾದರೂ ಸಂಬಂಧಪಟ್ಟವರು ಎಚ್ಚೆತ್ತುಕೊಂಡು ಸೂಕ್ತ ಕ್ರಮ ಕೈಗೊಳ್ಳಲಿ.’ ಎಷ್ಟರ ಮಟ್ಟಿಗೆ ಅಂದರೆ, ನಾನೂ ನನ್ನ ಪಕ್ಕದ ಸೀಟಿನವರೂ ಬರಹ ತೆರೆದ ಕೂಡಲೇ ಕೊನೆಯ ಸಾಲಿಗೆ ಹೋಗುವ ಅಭ್ಯಾಸ ಮಾಡಿಕೊಂಡಿದ್ದೆವು. ಅಲ್ಲಿ ‘ಸಂಬಂಧಪಟ್ಟವರು’ ಸಿಕ್ಕಿದರೆ ಸಾಮಾನ್ಯವಾಗಿ ಮೇಲಿನದೂ ಹಾಗೇ ಇರುತ್ತಿತ್ತು.

ಈ ಸಂಬಂಧಪಟ್ಟವರು ಯಾರು ಸ್ವಾಮಿ? ಕನ್ನಡ ಪತ್ರಿಕೆಗಳಲ್ಲಿ ಇವರಷ್ಟು ಹೆಸರು ಮಾಡಿದವರು ಇನ್ನೊಬ್ಬರಿಲ್ಲ. ಇವರಿಗೊಂದು ಕಚೇರಿ ಇಲ್ಲ. ಫೋನ್ ನಂಬರ್ ಇಲ್ಲ. ವರ್ಗಾವಣೆ ಆಗುವುದಿಲ್ಲ, ನಿವೃತ್ತಿಯೂ ಇಲ್ಲ. ನೀವು ಈ ಪದ ಬರೆದಿರಿ ಅಂದರೆ ಒಂದೇ ಅರ್ಥ: ಈ ಕೆಲಸ ಯಾರು ಮಾಡಬೇಕು ಅಂತ ನೀವು ಇನ್ನೂ ಹುಡುಕಿಲ್ಲ. ಹುಡುಕುವ ಮೊದಲೇ ಬರೆಯಲು ಕೂತಿದ್ದೀರಿ.

ಅದಕ್ಕೇ ನನ್ನ ಸಲಹೆ ಸ್ವಲ್ಪ ತಲೆಕೆಳಗು. ಕೊನೆಯ ಸಾಲನ್ನು ಮೊದಲು ಬರೆಯಿರಿ. ಯಾರು, ಏನು ಮಾಡಬೇಕು. ಒಂದೇ ವಾಕ್ಯ. ಅದು ಸಿಗುವವರೆಗೆ ಮೊದಲ ಸಾಲಿನ ಗೋಜಿಗೆ ಹೋಗಬೇಡಿ.

[ಪರದೆಯ ಮೇಲೆ: ಬಿಳಿ ಹಾಳೆ. ಕೈಬರಹದಲ್ಲಿ ಮೂರು ವಾಕ್ಯ ಒಂದೊಂದಾಗಿ ಮೂಡುತ್ತವೆ.]

ನೋಡೋಣ. ನನ್ನ ಮೊದಲ ಪ್ರಯತ್ನ: ‘ಗ್ರಂಥಾಲಯಗಳು ಉಳಿಯಬೇಕು.’ ಸರಿ. ಇದಕ್ಕೆ ಬೇಡ ಅನ್ನುವವರು ಯಾರಾದರೂ ಇದ್ದಾರಾ? ಯಾರೂ ಇಲ್ಲ. ಎಲ್ಲರೂ ತಲೆಯಾಡಿಸುವ ಮಾತನ್ನು ಹೇಳಲು ಪತ್ರಿಕೆ ಜಾಗ ಯಾಕೆ ಕೊಡಬೇಕು?

ಎರಡನೆಯದು: ‘ಸರ್ಕಾರ ಗ್ರಂಥಾಲಯಗಳಿಗೆ ಹೆಚ್ಚು ಅನುದಾನ ಕೊಡಬೇಕು.’ ಸ್ವಲ್ಪ ಪರವಾಗಿಲ್ಲ. ಆದರೆ ಸರ್ಕಾರ ಅಂದರೆ ಯಾರು, ಹೆಚ್ಚು ಅಂದರೆ ಎಷ್ಟು? ಆಸ್ಪತ್ರೆಗೂ, ಶಾಲೆಗೂ, ರಸ್ತೆಗೂ ಎಲ್ಲರೂ ಇದನ್ನೇ ಕೇಳುತ್ತಾರೆ. ಹಣಕಾಸು ಇಲಾಖೆಯವರು ಈ ವಾಕ್ಯವನ್ನು ದಿನಕ್ಕೆ ಐವತ್ತು ಸಲ ಕೇಳಿ ಕಿವಿ ಗಟ್ಟಿ ಮಾಡಿಕೊಂಡಿರುತ್ತಾರೆ.

ಮೂರನೆಯದು ಬರಬೇಕಾದರೆ ನಾನು ಮೇಜು ಬಿಟ್ಟು ಏಳಬೇಕಾಯಿತು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಅಂತ ಒಂದಿದೆ. 1965ರದು. ಆ ಕಾಯ್ದೆಯ ಪ್ರಕಾರವೇ ಈ ಗ್ರಂಥಾಲಯ ಕರ. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ. 4,200ಕ್ಕೆ ಶೇ 6 ಅಂದರೆ 252. ಲೆಕ್ಕ ಸರಿಯಾಯಿತು ಅಲ್ವಾ? ಈ ದುಡ್ಡನ್ನು ವಸೂಲಿ ಮಾಡುವುದು ಪಾಲಿಕೆ ಅಥವಾ ಪುರಸಭೆ. ಖರ್ಚು ಮಾಡಬೇಕಾದ್ದು ಗ್ರಂಥಾಲಯದವರು. ಅಂದರೆ ದುಡ್ಡು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ದಾಟಬೇಕು. ದಾಟುವ ಜಾಗದಲ್ಲೇ ಅದು ನಿಲ್ಲುತ್ತದೆ. ಸ್ಥಳೀಯ ಸಂಸ್ಥೆಗಳು ಈ ಕರ ಬಾಕಿ ಉಳಿಸಿಕೊಂಡಿವೆ ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಈಗ ಮೂರನೇ ವಾಕ್ಯ: ‘ವರ್ಷಕ್ಕೆ ಎಷ್ಟು ಗ್ರಂಥಾಲಯ ಕರ ಬಂತು, ಅದರಲ್ಲಿ ಎಷ್ಟು ಗ್ರಂಥಾಲಯಕ್ಕೆ ಕೊಟ್ಟೆವು ಅನ್ನುವ ಲೆಕ್ಕವನ್ನು ಪಾಲಿಕೆ ಆಯುಕ್ತರು ಪ್ರತಿ ಏಪ್ರಿಲ್‌ನಲ್ಲಿ ಶಾಖಾ ಗ್ರಂಥಾಲಯದ ಬಾಗಿಲಿಗೆ ಅಂಟಿಸಬೇಕು.’

ನೋಡಿ, ಇದು ಸಣ್ಣದು. ಒಂದು ಹಾಳೆ, ಸ್ವಲ್ಪ ಗೋಂದು. ಆದರೆ ಇದಕ್ಕೆ ಬೇಡ ಅನ್ನುವವರು ಇದ್ದಾರೆ. ಹಾಗಾಗಿಯೇ ಇದು ಬರಹವಾಗುತ್ತದೆ.

ಇನ್ನು ತಯಾರಿ. ನಿಮ್ಮ ಊರಿನ ಲೆಕ್ಕ ಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 2005ರ ಕಾಯ್ದೆ, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಕಟ್ಟುಪಾಡು ಇದೆ. ಅರ್ಜಿ 150 ಪದ ಮೀರುವಂತಿಲ್ಲ, ಒಂದೇ ವಿಷಯ ಇರಬೇಕು. ಇದರ ಬಗ್ಗೆ ಮಾಹಿತಿ ಹಕ್ಕು ಕಾರ್ಯಕರ್ತರಿಗೆ ಸಿಟ್ಟಿದೆ, ಆ ಸಿಟ್ಟಿನಲ್ಲಿ ನ್ಯಾಯವೂ ಇದೆ. ಆದರೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದಿಲ್ಲ. ನಿಮಗೆ ಏನು ಬೇಕು ಅನ್ನುವುದನ್ನು 150 ಪದದಲ್ಲಿ ಕೇಳಲು ಆಗದಿದ್ದರೆ, 400 ಪದದಲ್ಲಿ ಹೇಳಲೂ ಆಗುವುದಿಲ್ಲ.

ಹುಡುಕುತ್ತಾ ಹೋದ ಹಾಗೆ ಏನೇನೋ ಸಿಗುತ್ತದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಈಗ ಅವುಗಳ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಇರುತ್ತದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲೇ ಒಂದು ಸಂಶೋಧನಾ ಕೇಂದ್ರ ಶುರು ಮಾಡಿದರು. ಇವೆಲ್ಲ ಗೊತ್ತಾದಾಗ ನನಗೆ ಬಹಳ ಖುಷಿಯಾಯಿತು. ಬರಹದಲ್ಲಿ ಹಾಕಲು ಕೈ ತುರಿಸಿತು ಕೂಡ. ಹಾಕಲಿಲ್ಲ. ಯಾಕೆಂದರೆ ನಗರದ ಶಾಖಾ ಗ್ರಂಥಾಲಯದ ಬಾಗಿಲಿಗೆ ಒಂದು ಲೆಕ್ಕದ ಹಾಳೆ ಅಂಟಿಸಿ ಅನ್ನುವ ಮಾತಿಗೆ ಇವು ಯಾವುವೂ ಹೆಗಲು ಕೊಡುವುದಿಲ್ಲ. ಕಷ್ಟಪಟ್ಟು ಹುಡುಕಿದ್ದನ್ನು ಬಿಡುವುದಕ್ಕೆ ಹೊಟ್ಟೆ ಉರಿಯುತ್ತದೆ, ನಿಜ. ಇನ್ನೊಂದು ಬರಹಕ್ಕೆ ಇರಲಿ ಅಂತ ಎತ್ತಿಡಿ.

ಈಗ ಮೊದಲ ಪ್ಯಾರಾ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಡೆಸ್ಕ್‌ನವರೂ ಇಲ್ಲೇ ನಿಲ್ಲುತ್ತಾರೆ.

ವಚನದಿಂದ ಶುರು ಮಾಡಬೇಡಿ. ವಚನದ ಮೇಲೆ ನನಗೆ ಕೋಪ ಇಲ್ಲ. ಆದರೆ ಅದು ನಿಮ್ಮ ಸಾಲಲ್ಲ. ಓದುಗರು ಅದನ್ನು ಎಂಟನೇ ಕ್ಲಾಸಿನಲ್ಲೇ ಓದಿದ್ದಾರೆ. ನಿಮ್ಮಿಂದ ಅವರಿಗೆ ಬೇಕಾಗಿರುವುದು ನೀವು ಮಾತ್ರ ಕಂಡಿದ್ದು. ಹಾಗಾಗಿ ಒಂದು ಬೆಳಿಗ್ಗೆ ನಾನು ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೋಗಿ ಕೂತೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಕುರ್ಚಿ ಖಾಲಿ ಇಲ್ಲ. ಎಲ್ಲ ಪಿಡಿಒ, ಎಫ್‌ಡಿಎ, ಪೊಲೀಸ್ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ವಿಚಿತ್ರ ಅಂದರೆ ಯಾರ ಕೈಯಲ್ಲೂ ಗ್ರಂಥಾಲಯದ ಪುಸ್ತಕ ಇಲ್ಲ. ಎಲ್ಲರೂ ಬ್ಯಾಗಿನಿಂದ ತಮ್ಮದೇ ಪುಸ್ತಕ ತೆಗೆಯುತ್ತಿದ್ದರು. ಯಾಕಪ್ಪಾ ಅಂತ ಕಪಾಟಿನಿಂದ ಒಂದು ಸಾಮಾನ್ಯ ಜ್ಞಾನದ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಕರ್ನಾಟಕಕ್ಕೆ 27 ಜಿಲ್ಲೆ!

1997ರಲ್ಲಿ ಏಳು ಹೊಸ ಜಿಲ್ಲೆ ಆದಾಗ 27 ಆಗಿತ್ತು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಸೇರಿ 29. ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ. ಈಗ 31. ಅಂದರೆ ಆ ಪುಸ್ತಕ ಬರೆದದ್ದು 2007ಕ್ಕೂ ಮೊದಲು. ಅಲ್ಲಿ ಕೂತು ಓದುವ ಕೆಲವರು ಆಗ ಒಂದನೇ ಕ್ಲಾಸಿಗೂ ಸೇರಿರಲಿಲ್ಲ.

ನನ್ನ ಮೊದಲ ಪ್ಯಾರಾ ಸಿಕ್ಕಿತು. ಓದುತ್ತೇನೆ ಕೇಳಿ.

[ಪರದೆಯ ಮೇಲೆ ಪೂರ್ತಿ ಪ್ಯಾರಾ]

‘ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿರುವ ಸಾಮಾನ್ಯ ಜ್ಞಾನದ ಪುಸ್ತಕದ ಪ್ರಕಾರ ಕರ್ನಾಟಕದಲ್ಲಿ 27 ಜಿಲ್ಲೆಗಳಿವೆ. ಅದನ್ನು ನಂಬಿ ಪರೀಕ್ಷೆಗೆ ಹೋದವರಿಗೆ ಒಂದು ಅಂಕ ನಷ್ಟ. ಅದಕ್ಕೇ ಇಲ್ಲಿಗೆ ಓದಲು ಬರುವವರು ಪುಸ್ತಕವನ್ನು ಮನೆಯಿಂದ ತರುತ್ತಾರೆ. ಗ್ರಂಥಾಲಯದಿಂದ ಅವರಿಗೆ ಸಿಗುವುದು ಒಂದು ಕುರ್ಚಿ, ಒಂದು ಫ್ಯಾನು. ಈ ಕುರ್ಚಿಗೂ ಫ್ಯಾನಿಗೂ ಕಳೆದ ವರ್ಷ ನಾನು 252 ರೂಪಾಯಿ ಕಟ್ಟಿದ್ದೇನೆ. ಬಹುಶಃ ನೀವೂ.’

ಇದರಲ್ಲಿ ‘ವ್ಯವಸ್ಥೆ ಹದಗೆಟ್ಟಿದೆ’ ಅಂತ ನಾನು ಎಲ್ಲೂ ಹೇಳಿಲ್ಲ. ಆ ಮಾತನ್ನು ಓದುಗರೇ ಹೇಳಿಕೊಳ್ಳಲಿ.

ಅಂಕಿಯ ಬಗ್ಗೆ ಒಂದು ಮಾತು. ಕೋಟಿಗಳ ಲೆಕ್ಕ ಯಾರ ತಲೆಗೂ ಹೋಗುವುದಿಲ್ಲ. ನಮ್ಮ ರಸ್ತೆಯಲ್ಲಿ 60 ಮನೆ. ಎಲ್ಲರ ತೆರಿಗೆಯೂ ಹೆಚ್ಚು ಕಡಿಮೆ ನನ್ನಷ್ಟೇ ಅಂತ ಹಿಡಿದರೆ, ಒಂದೇ ರಸ್ತೆಯಿಂದ ವರ್ಷಕ್ಕೆ 15,120 ರೂಪಾಯಿ. ಇದು ತಲೆಗೆ ಹೋಗುತ್ತದೆ. ಆದರೆ ಆ ‘ಅಂತ ಹಿಡಿದರೆ’ ಅನ್ನುವುದನ್ನು ಮಾತ್ರ ಬಿಡಬೇಡಿ. ಅದು ಊಹೆ. ಊಹೆ ಅಂತ ಒಪ್ಪಿಕೊಂಡರೆ ಯಾರೂ ನಿಮ್ಮನ್ನು ಹಿಡಿಯುವುದಿಲ್ಲ. ಸತ್ಯ ಅಂತ ಬರೆದರೆ ಮಾರನೇ ದಿನ ವಾಚಕರ ವಾಣಿಯಲ್ಲಿ ನಿಮ್ಮ ರಸ್ತೆಯವರೇ ಬರೆಯುತ್ತಾರೆ.

ಇನ್ನು ಎದುರಾಳಿ. ಬಹಳ ಜನ ಈ ಭಾಗವನ್ನು ಬಿಟ್ಟೇ ಬಿಡುತ್ತಾರೆ, ಇಲ್ಲವೇ ಒಂದು ಸಣಕಲು ಗೊಂಬೆ ಮಾಡಿ ಅದನ್ನು ಹೊಡೆದು ಗೆದ್ದೆವು ಅನ್ನುತ್ತಾರೆ. ‘ಈಗ ಯಾರು ಓದುತ್ತಾರೆ, ಎಲ್ಲ ಮೊಬೈಲು’ ಅನ್ನುವ ವಾದವನ್ನು ನಾನು ತೆಗೆದುಕೊಳ್ಳಲಿಲ್ಲ. ಚಪ್ಪಲಿ ರಾಶಿಯೇ ಅದಕ್ಕೆ ಉತ್ತರ. ಪಾಲಿಕೆಯ ಲೆಕ್ಕ ವಿಭಾಗದಲ್ಲಿ ಕೂತವರ ಕಡೆಯಿಂದ ಯೋಚಿಸಿದೆ. ಅವರು ಹೇಳುವುದು ಹೀಗಿರುತ್ತದೆ: ‘ಸಾರ್, ಕುಡಿಯುವ ನೀರಿನ ಪಂಪಿನ ಕರೆಂಟು ಬಿಲ್ಲೇ ಕಟ್ಟಲು ಆಗುತ್ತಿಲ್ಲ. ಪೌರಕಾರ್ಮಿಕರ ಸಂಬಳ ಮೊದಲೋ, ನಿಮ್ಮ ಪುಸ್ತಕ ಮೊದಲೋ?’

ಗಟ್ಟಿ ಮಾತು. ನನಗೂ ಒಂದು ಕ್ಷಣ ಹೌದಲ್ವಾ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಬರಹದಲ್ಲೂ ಒಪ್ಪಿಕೊಂಡೆ. ಆಮೇಲೆ ಉತ್ತರ: ಆಸ್ತಿ ತೆರಿಗೆಯನ್ನು ಪಾಲಿಕೆ ತನಗೆ ಅಗತ್ಯ ಕಂಡದ್ದಕ್ಕೆ ಖರ್ಚು ಮಾಡಬಹುದು. ಆದರೆ ಸೆಸ್ ಹಾಗಲ್ಲ. ಅದನ್ನು ಒಂದು ಕೆಲಸದ ಹೆಸರು ಹೇಳಿ ಕೇಳಿ ಪಡೆದದ್ದು. ಮದುವೆಗೆ ಅಂತ ಚೀಟಿ ಎತ್ತಿ ಬೈಕು ತಂದ ಹಾಗಾಗಬಾರದು. ಆದರೂ ನಾನು ಕೇಳುತ್ತಿರುವುದು ದುಡ್ಡನ್ನಲ್ಲ, ಲೆಕ್ಕವನ್ನು. ನೀರಿನ ಪಂಪಿಗೇ ಹೋಗಿದ್ದರೆ ಹಾಗಂತಲೇ ಬರೆದು ಬಾಗಿಲಿಗೆ ಅಂಟಿಸಲಿ.

ಎದುರಿನ ವಾದ ಗಟ್ಟಿ ಇದ್ದಿದ್ದರಿಂದಲೇ ನನ್ನ ಬೇಡಿಕೆ ಇನ್ನಷ್ಟು ಚೊಕ್ಕವಾಯಿತು. ಸಣಕಲು ವಾದ ಹಿಡಿದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಭಾಷೆಗೆ ಬರೋಣ. ಕನ್ನಡದಲ್ಲಿ ಒಂದು ಅಪಾಯಕಾರಿ ಪ್ರತ್ಯಯ ಇದೆ. ‘ಲಾಗಿದೆ’. ನಿರ್ಲಕ್ಷಿಸಲಾಗಿದೆ. ತಡೆಹಿಡಿಯಲಾಗಿದೆ. ಬಳಸಲಾಗಿದೆ. ಮಾಡಿದವರು ಯಾರು? ವಾಕ್ಯದಲ್ಲಿ ಇಲ್ಲ. ಸರ್ಕಾರಿ ಸುತ್ತೋಲೆಗೆ ಇದು ಹೇಳಿ ಮಾಡಿಸಿದ್ದು, ಯಾರ ತಲೆಗೂ ಬರಬಾರದು ಅನ್ನುವುದೇ ಅಲ್ಲಿ ಉದ್ದೇಶ. ಸುತ್ತೋಲೆ ಓದಿ ಓದಿ ನಮ್ಮ ಬರಹಕ್ಕೂ ಅದು ಅಂಟಿಕೊಂಡಿದೆ. ನಿಮ್ಮ ಕರಡಿನಲ್ಲಿ ‘ಲಾಗಿದೆ’ ಅಂತ ಹುಡುಕಿ. ಸಿಕ್ಕಿದ ಕಡೆಯೆಲ್ಲ ‘ಯಾರು?’ ಅಂತ ಕೇಳಿ. ಉತ್ತರ ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಹುಡುಕಲು ಇನ್ನೂ ಬಾಕಿ ಇದೆ. ಸಂಬಂಧಪಟ್ಟವರು ಅಡಗಿ ಕೂರುವುದೂ ಇದೇ ‘ಲಾಗಿದೆ’ಯ ಹಿಂದೆ.

ಹಾಗಂತ ಸಿಕ್ಕ ಸಿಕ್ಕವರ ಹೆಸರು ಹಿಡಿದು ಬೈಯಲು ಹೊರಡಬೇಡಿ. ‘ಅಧಿಕಾರಿಗಳು ದುಡ್ಡು ನುಂಗಿದ್ದಾರೆ’ ಅನ್ನುವುದಕ್ಕೂ ‘ದುಡ್ಡು ಗ್ರಂಥಾಲಯಕ್ಕೆ ತಲುಪಿಲ್ಲ’ ಅನ್ನುವುದಕ್ಕೂ ಅಜಗಜಾಂತರ. ಎರಡನೆಯದಕ್ಕೆ ಕಾಗದ ತೋರಿಸಬಹುದು. ಮೊದಲನೆಯದಕ್ಕೆ ಆಗುವುದಿಲ್ಲ. ಮಾನನಷ್ಟ ಅನ್ನುವುದು ಈಗಲೂ ಅಪರಾಧವೇ. ಹಿಂದೆ ದಂಡ ಸಂಹಿತೆಯ 499ನೇ ಸೆಕ್ಷನ್, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 356. ಸಂಪಾದಕರು ಅಂಥ ಸಾಲನ್ನು ಕತ್ತರಿಸುತ್ತಾರೆ. ಹಲವು ಸಲ ಸಾಲಿನ ಜೊತೆಗೆ ಬರಹವನ್ನೇ ಬಿಡುತ್ತಾರೆ, ಯಾಕೆ ತಲೆನೋವು ಅಂತ.

ನಿಮಗೊಂದು ಸಂಶಯ ಬರಬಹುದು. ‘ದೊಡ್ಡ ಅಂಕಣಕಾರರು ಹೀಗೆಲ್ಲ ಬರೆಯುವುದಿಲ್ಲವಲ್ಲ? ಅವರು ಎಲ್ಲೋ ಶುರು ಮಾಡಿ ಎಲ್ಲೋ ಮುಗಿಸುತ್ತಾರೆ.’ ನಿಜ. ಕನ್ನಡದಲ್ಲಿ ಅಂಕಣ ಬರಹಕ್ಕೆ ದೊಡ್ಡ ಪರಂಪರೆಯೇ ಇದೆ. ಹಾ.ಮಾ. ನಾಯಕರ ಅಂಕಣಗಳ ಸಂಕಲನ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಆದರೆ ವಾರ ವಾರ ಬರೆಯುವವರ ಹತ್ತಿರ ಓದುಗರು ಅವರಿಗೋಸ್ಕರ ಬರುತ್ತಾರೆ. ಅವರು ಕಾಫಿ ಬಗ್ಗೆ ಬರೆದರೂ ಓದುತ್ತಾರೆ. ನಿಮ್ಮ ಹತ್ತಿರ ವಿಷಯಕ್ಕೋಸ್ಕರ ಬರುತ್ತಾರೆ. ಅಡ್ಡಾಡಲು ಅವರಿಗಿರುವ ಸಲುಗೆ ನಮಗೆ ಇನ್ನೂ ಸಿಕ್ಕಿಲ್ಲ.

ಹೊರಗಿನವರಿಗೆ ಜಾಗ ಕೊಡುವ ಪುಟದ ಕಥೆಯೂ ಸ್ವಾರಸ್ಯವಾಗಿದೆ. ಇಂಗ್ಲಿಷಿನಲ್ಲಿ ‘ಆಪ್-ಎಡ್’ ಅನ್ನುತ್ತಾರಲ್ಲ, ಆ ‘ಆಪ್’ ಅಂದರೆ ಒಪೀನಿಯನ್ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ‘ಆಪೊಸಿಟ್’. ಸಂಪಾದಕೀಯ ಪುಟದ ಎದುರಿನ ಪುಟ ಅಂತಷ್ಟೇ. ನ್ಯೂಯಾರ್ಕ್ ಟೈಮ್ಸ್ 1970ರ ಸೆಪ್ಟೆಂಬರ್ 21ರಂದು ಅಂಥ ಪುಟ ಶುರು ಮಾಡಿತು. 2021ರಲ್ಲಿ ಆ ಹೆಸರನ್ನೇ ಕೈಬಿಟ್ಟಿತು, ಮೊಬೈಲಿನಲ್ಲಿ ಓದುವವರಿಗೆ ಎದುರಿನ ಪುಟ ಎಲ್ಲಿಂದ ಬರಬೇಕು? ನಮ್ಮಲ್ಲಿ ಪ್ರಜಾವಾಣಿಯ ‘ಸಂಗತ’ದಂಥ ಜಾಗಗಳು ಓದುಗರ ಬರಹಕ್ಕೆ ತೆರೆದಿವೆ. ಬೇರೆ ಪತ್ರಿಕೆಗಳಲ್ಲೂ ಇಂಥವು ಇವೆ. ಕಳಿಸುವ ಮೊದಲು ಒಂದು ವಾರ ಆ ಜಾಗವನ್ನು ದಿನಾ ಓದಿ. ಎಷ್ಟು ಉದ್ದ, ಎಂಥ ವಿಷಯ, ಯಾವ ದನಿ ಅಂತ ಗೊತ್ತಾಗುತ್ತದೆ.

ಉದ್ದ ಅಂದೆ. ಪತ್ರಿಕೆ ಮಿತಿ ಹೇಳಿದ್ದರೆ ಅದೇ ಕಡೆ ಮಾತು. ಹೇಳದಿದ್ದರೆ 400ರಿಂದ 500 ಪದ ಇಟ್ಟುಕೊಳ್ಳಿ. ಕಡಿಮೆ ಆಯಿತು ಅನ್ನಿಸುತ್ತದಾ? ಇಂಗ್ಲಿಷಿನಲ್ಲಿ ಮೂರು ಪದ ಬೇಕಾಗುವ ಕಡೆ ನಮ್ಮಲ್ಲಿ ‘ಮನೆಯಲ್ಲಿ’ ಅಂತ ಒಂದೇ ಪದ ಸಾಕು. ಕನ್ನಡದ 400 ಪದದಲ್ಲಿ ಬಹಳ ಹಿಡಿಸುತ್ತದೆ. ನನ್ನ ಮೊದಲ ಕರಡು 910 ಪದ ಇತ್ತು. ಗಟ್ಟಿಯಾಗಿ ಓದಿದೆ. ಎಲ್ಲಿ ನನಗೇ ಆಕಳಿಕೆ ಬಂತೋ ಅಲ್ಲೆಲ್ಲ ಗೀಟು ಹಾಕಿದೆ. 460ಕ್ಕೆ ಇಳಿಯಿತು. ಏನು ಹೋಯಿತು ಅಂತ ಈಗ ನನಗೇ ನೆನಪಿಲ್ಲ.

ಯಾವಾಗ ಕಳಿಸಬೇಕು? ಗ್ರಂಥಾಲಯದ ಬಗ್ಗೆ ಬರೆಯುವವರೆಲ್ಲ ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹಕ್ಕೆ ಕಳಿಸುತ್ತಾರೆ. ಡೆಸ್ಕ್‌ನಲ್ಲಿ ಆ ವಾರ ಗ್ರಂಥಾಲಯದ ಬರಹಗಳ ರಾಶಿಯೇ ಇರುತ್ತದೆ. ನಾನು ಏಪ್ರಿಲ್ ಆರಿಸಿಕೊಂಡೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ. ಆಗ ಎಲ್ಲರ ಕೈಯಲ್ಲೂ ರಸೀದಿ ಇರುತ್ತದೆ. ಬರಹ ಓದಿದವರು ಎದ್ದು ಹೋಗಿ ತಮ್ಮ ರಸೀದಿ ತೆಗೆದು ನೋಡಬೇಕು, ನನಗೆ ಬೇಕಾಗಿರುವುದು ಅದೇ.

ಕಳಿಸುವ ವಿಷಯ ಬೇಗ ಮುಗಿಸುತ್ತೇನೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿ, ಬದಲಿಸಿದ ಮೇಲೆ ಒಂದು ಸಲ ಓದಿ. ಒತ್ತಕ್ಷರ, ಅರ್ಕಾವೊತ್ತು ಚೆಲ್ಲಾಪಿಲ್ಲಿ ಆಗಿರುತ್ತವೆ. ಪಿಡಿಎಫ್ ಬೇಡ. ಹಾಳೆಯ ಫೋಟೊ ಅಂತೂ ಬೇಡವೇ ಬೇಡ, ಅದನ್ನು ಕೂತು ಟೈಪ್ ಮಾಡಲು ಡೆಸ್ಕ್‌ನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬರಹವನ್ನು ಇಮೇಲಿನ ಒಳಗೇ ಹಾಕಿ. ನೀವು ಯಾರು ಅಂತ ಒಂದು ಸಾಲು, ಫೋನ್ ನಂಬರ್. ಶೀರ್ಷಿಕೆ ನೀವು ಕೊಟ್ಟರೂ ಅವರು ಬದಲಿಸುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಒಂದೇ ಬರಹವನ್ನು ಒಂದೇ ದಿನ ನಾಲ್ಕು ಪತ್ರಿಕೆಗೆ ಕಳಿಸಬೇಡಿ. ಎರಡರಲ್ಲಿ ಬಂದುಬಿಟ್ಟರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ. ವಾರ ಹತ್ತು ದಿನ ಕಾಯಿರಿ, ಉತ್ತರ ಬರದಿದ್ದರೆ ಅವರಿಗೆ ತಿಳಿಸಿ ಬೇರೆ ಕಡೆ ಕಳಿಸಿ. ಮತ್ತೆ ದಯವಿಟ್ಟು ಸಂಜೆ ಏಳು ಗಂಟೆಗೆ ಡೆಸ್ಕ್‌ಗೆ ಫೋನ್ ಮಾಡಿ ‘ನನ್ನ ಲೇಖನ ಏನಾಯಿತು ಸಾರ್’ ಅನ್ನಬೇಡಿ. ಆಗ ಅಲ್ಲಿ ಪುಟಗಳ ಗಡಿಬಿಡಿ. ಸಿಗುವ ಉತ್ತರ ಒಳ್ಳೆಯದಿರುವುದಿಲ್ಲ.

[ಪರದೆಯ ಮೇಲೆ: ಮತ್ತೆ ಅದೇ ರಸೀದಿ. ಪಕ್ಕದಲ್ಲಿ ಮಾಹಿತಿ ಹಕ್ಕು ಅರ್ಜಿಯ ಪ್ರತಿ.]

ನನ್ನ ಬರಹ ಇನ್ನೂ ಹೋಗಿಲ್ಲ. ಪಾಲಿಕೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ ಇವತ್ತಿಗೆ 22 ದಿನ. ಇನ್ನು 8 ದಿನ ಇದೆ. ಉತ್ತರ ಬಂದರೆ ಮೂರನೇ ಪ್ಯಾರಾದಲ್ಲಿ ಅವರು ಕೊಟ್ಟ ಅಂಕಿ ಕೂರುತ್ತದೆ. ಬರದಿದ್ದರೆ ನಾನು ಅರ್ಜಿ ಕೊಟ್ಟ ತಾರೀಕು ಕೂರುತ್ತದೆ. ಅಲ್ಲಿ ಒಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ.